ಬ್ಲೇಡ್ ಪೊಟ್ಟಣದ ಮೇಲಿದ್ದ ಸಮಾಜವಾದಿ

ಕಳೆದ ವರ್ಷ ನಾನು ಶೇವಿಂಗ್ ಮಾಡೋ ವಿಧಾನ ಬದಲಾಯಿಸಿದೆ. ಇದೂ ಒಂದು ಅಂಕಣಕ್ಕೆ ವಿಷಯವೇ ಅಂತ ಅನ್ನಿಸಬಹುದು, ಸ್ವಲ್ಪ ತಾಳಿ. ಐದು ಬ್ಲೇಡಿನ ಪ್ಲಾಸ್ಟಿಕ್ ಕಾರ್ಟ್ರಿಜ್ ಬಿಟ್ಟು, ಅಪ್ಪ ಬಳಸುತ್ತಿದ್ದ ಥರದ್ದೇ ಒಂದು ಲೋಹದ ಸೇಫ್ಟಿ ರೇಜರ್ ಕೊಂಡೆ. ಜೊತೆಗೆ ಒಂದು ಬ್ರಷ್ಷು, ಒಂದು ಡಬ್ಬಿ ಶೇವಿಂಗ್ ಸೋಪು, ಗೀರಿದರೆ ಉಜ್ಜೋಕೆ ಪಟಿಕದ ಕಲ್ಲು, ಆಮೇಲೆ ಸ್ನಾನಕ್ಕೆ ಮೈಸೂರು ಸ್ಯಾಂಡಲ್. ಕಾರಣ ಸರಳ. ಕಾರ್ಟ್ರಿಜ್ ಪೊಟ್ಟಣಕ್ಕೆ ಕೊಡೋ ದುಡ್ಡು ನೋಡಿ ಹೊಟ್ಟೆ ಉರಿಯುತ್ತಿತ್ತು.

ಹೊಸ ರೇಜರ್ ತಂದ ಮೇಲೆ ಒಂದು ಸಂಗತಿ ಗಮನಕ್ಕೆ ಬಂತು. ಇದಕ್ಕೆ ಯಾವ ಕಂಪನಿಯ ಬ್ಲೇಡಾದರೂ ಆಗುತ್ತೆ. ಭಾರತದ್ದು, ರಷ್ಯಾದ್ದು, ಜಪಾನಿನದ್ದು, ಈಜಿಪ್ಟಿನದ್ದು, ಯಾವುದಾದರೂ ಸರಿ. ಕಾರ್ಟ್ರಿಜ್ ವಿಷಯದಲ್ಲಿ ಹಾಗಿಲ್ಲ. ಹಿಡಿ ಯಾರದ್ದೋ ಕಾರ್ಟ್ರಿಜ್ಜೂ ಅವರದ್ದೇ ಆಗಬೇಕು. ಇಂಜಿನಿಯರಿಂಗ್ ಓದಿದವನ ಭಾಷೆಯಲ್ಲಿ ಹೇಳೋದಾದರೆ ಒಂದು ಓಪನ್ ಸ್ಟಾಂಡರ್ಡ್, ಇನ್ನೊಂದು ಬೀಗ ಹಾಕಿದ ಪೇಟೆ. ಈ ವ್ಯತ್ಯಾಸ ಎಲ್ಲಿಂದ ಬಂತು ಅಂತ ಹುಡುಕುತ್ತಾ ಹೋದಾಗ ಸಿಕ್ಕವನು ಕಿಂಗ್ ಕ್ಯಾಂಪ್ ಜಿಲೆಟ್.

ಜಿಲೆಟ್ ಅಂದರೆ ನಮಗೆ ಒಂದು ಬ್ರ್ಯಾಂಡು. ಬಂಡವಾಳಶಾಹಿಯ ಪಾಠದಲ್ಲಿ ಮೊದಲ ಉದಾಹರಣೆ. ಆದರೆ ಆ ಮನುಷ್ಯ ತನ್ನ ಜೀವನದ ನಲವತ್ತು ವರ್ಷ ಖಾಸಗಿ ಪೈಪೋಟಿಯೇ ಎಲ್ಲ ಪಾಪಗಳ ಮೂಲ ಅಂತ ನಂಬಿದ್ದ, ಅದನ್ನು ಕಿತ್ತುಹಾಕೋಕೆ ಪುಸ್ತಕದ ಮೇಲೆ ಪುಸ್ತಕ ಬರೆದ. ರೇಜರ್ ಅವನಿಗೆ ಹೊಳೆಯೋ ಮೊದಲೇ ಸಮಾಜವಾದ ಹೊಳೆದಿತ್ತು.

ಹುಟ್ಟಿದ್ದು 1855ರ ಜನವರಿ 5ರಂದು, ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಫಾಂಡ್ ಡು ಲ್ಯಾಕ್ ಎಂಬ ಊರಲ್ಲಿ. ಬೆಳೆದದ್ದು ಶಿಕಾಗೋದಲ್ಲಿ. ಅಪ್ಪನಿಗೆ ವ್ಯಾಪಾರದ ಜೊತೆಗೆ ಏನಾದರೊಂದು ಯಂತ್ರ ಬಿಚ್ಚಿ ಕಟ್ಟೋ ಹುಚ್ಚು. ಅಮ್ಮ ಫ್ಯಾನಿ ಅಡುಗೆಯಲ್ಲಿ ಎತ್ತಿದ ಕೈ. ಮುಂದೆ 1887ರಲ್ಲಿ ಆಕೆಯ ಅಡುಗೆ ಪುಸ್ತಕ ಪ್ರಕಟವಾಗಿ ಅಮೆರಿಕದ ಮನೆಮನೆಗೂ ಹೋಯಿತು. 1871ರಲ್ಲಿ ಶಿಕಾಗೋ ನಗರವನ್ನೇ ಸುಟ್ಟ ಮಹಾ ಬೆಂಕಿಯಲ್ಲಿ ಅಪ್ಪನ ವ್ಯಾಪಾರ ಬೂದಿಯಾಯಿತು. ಹುಡುಗನಿಗೆ ಆಗ ಹದಿನಾರು. ಓದು ಮುಂದುವರಿಯಲಿಲ್ಲ. ಊರೂರು ಅಲೆದು ಸಾಮಾನು ಮಾರೋ ಸೇಲ್ಸ್‌ಮನ್ ಆದ.

ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಆತ ರೈಲು ಮತ್ತು ಹೋಟೆಲುಗಳಲ್ಲಿ ಬದುಕಿದ. ಒಂದೇ ಊರಲ್ಲಿ ಒಂದೇ ಥರದ ಸಾಮಾನು ಮಾರೋ ಹತ್ತು ಅಂಗಡಿ, ಅದನ್ನೇ ಮಾರೋಕೆ ಹತ್ತು ಕಂಪನಿಗಳಿಂದ ಬಂದ ಹತ್ತು ಸೇಲ್ಸ್‌ಮನ್‌ಗಳು. ಎಲ್ಲರ ಟಿಕೆಟ್ಟು, ಊಟ, ಜಾಹೀರಾತಿನ ಖರ್ಚು ಕೊನೆಗೆ ಗಿರಾಕಿಯ ತಲೆ ಮೇಲೆ. ಇದೆಲ್ಲ ಎಷ್ಟು ದಂಡ ಅಂತ ಆತ ಲೆಕ್ಕ ಹಾಕತೊಡಗಿದ. ಇಂದು ಒಂದೇ ಬೀದಿಯಲ್ಲಿ ಮೂರು ಬಣ್ಣದ ಟೀಶರ್ಟ್ ಹಾಕಿ ಬೈಕಲ್ಲಿ ಓಡೋ ಡೆಲಿವರಿ ಹುಡುಗರನ್ನು ನೋಡಿದಾಗ ನಮಗೂ ಅನ್ನಿಸೋದು ಅದೇ ಅಲ್ಲವೇ?

ಆ ಲೆಕ್ಕದಿಂದ ಹುಟ್ಟಿದ್ದು 1894ರಲ್ಲಿ ಬಂದ ಅವನ ಮೊದಲ ಪುಸ್ತಕ, ದಿ ಹ್ಯೂಮನ್ ಡ್ರಿಫ್ಟ್. ಅದರ ಸಾರ ಇಷ್ಟು. ಪೈಪೋಟಿ ಬೇಡ. ದೇಶದ ಎಲ್ಲ ಉತ್ಪಾದನೆ ಒಂದೇ ಕಂಪನಿಯ ಕೈಗೆ ಬರಲಿ, ಆ ಕಂಪನಿಯ ಷೇರುದಾರರು ಎಲ್ಲ ಜನರೂ ಆಗಿರಲಿ. ಇನ್ನೂ ಮುಂದೆ ಹೋಗಿ, ಜನರೆಲ್ಲ ಒಂದೇ ನಗರದಲ್ಲಿ ಇರಲಿ ಅಂದ. ನಯಾಗರಾ ಜಲಪಾತದ ಹತ್ತಿರ, ಅದರ ವಿದ್ಯುತ್ತಿನಿಂದ ನಡೆಯುವ, 6 ಕೋಟಿ ಜನರ ಮೆಟ್ರೊಪೊಲಿಸ್. ಸಾಲುಸಾಲು ದೈತ್ಯ ಕಟ್ಟಡಗಳು, ಅಳತೆ ಹಿಡಿದು ಜೋಡಿಸಿದ ಬೀದಿಗಳು, ನಕ್ಷೆಗಳ ಸಮೇತ. ಮನೆಗೊಂದು ಅಡುಗೆಮನೆ ದಂಡ, ಎಲ್ಲರಿಗೂ ಸಾಮೂಹಿಕ ಊಟದ ಮನೆ. ಅಡುಗೆ ಪುಸ್ತಕದಿಂದ ಹೆಸರಾದ ತಾಯಿಯ ಮಗ ಕಂಡ ಕನಸು ಇದು ಅನ್ನೋದನ್ನು ಮರೆಯಬೇಡಿ.

ಆ ಪುಸ್ತಕದ ಕಥೆ ತಿಳಿದಾಗ ನನಗೆ ನನ್ನ ಹಾಸ್ಟೆಲ್ ದಿನಗಳು ನೆನಪಾದವು. ರಾತ್ರಿ ಎರಡು ಗಂಟೆಗೆ, ಮೂರನೇ ಚಹಾ ಆದ ಮೇಲೆ, ನಾವೂ ಹೀಗೇ ದೇಶವನ್ನು ರಿಪೇರಿ ಮಾಡುತ್ತಿದ್ದೆವು. ಒಂದು ಒಳ್ಳೆ ಸಿಸ್ಟಮ್ ಡಿಸೈನ್ ಮಾಡಿದರೆ ಸಾಕು, ರಾಜಕೀಯವೇ ಬೇಡ ಅನ್ನೋ ವಾದ. ಜಿಲೆಟ್‌ನ ನಗರದಲ್ಲಿ ಒಳಚರಂಡಿಗೆ ಜಾಗ ಇತ್ತು, ಭಿನ್ನಾಭಿಪ್ರಾಯಕ್ಕೆ ಹೆಚ್ಚು ಜಾಗ ಇರಲಿಲ್ಲ. ಆ ನಗರಕ್ಕೆ ಹೋಗಲ್ಲ ಅನ್ನೋ ರೈತನನ್ನು ಏನು ಮಾಡೋದು? ತನ್ನ ಒಲೆ ಬಿಡಲ್ಲ ಅನ್ನೋ ಹೆಂಗಸಿಗೆ ಏನು ಹೇಳೋದು? ಆತ ಮೋಸಗಾರನಲ್ಲ, ಪ್ರಾಮಾಣಿಕ. ಆದರೆ ಜನರನ್ನು ಒಪ್ಪಿಸಬೇಕಾದವರು ಅಂತ ನೋಡಲಿಲ್ಲ, ಜೋಡಿಸಬೇಕಾದ ಬಿಡಿಭಾಗಗಳು ಅಂತ ನೋಡಿದ.

ಪುಸ್ತಕ ದೇಶ ಬದಲಾಯಿಸಲಿಲ್ಲ. ಸೇಲ್ಸ್‌ಮನ್ ಕೆಲಸ ಮುಂದುವರಿಯಿತು. ಆಗ ಆತ ಮಾರುತ್ತಿದ್ದದ್ದು ಸೋಡಾ ಬಾಟಲಿಯ ತಗಡಿನ ಮುಚ್ಚಳ. ಅದನ್ನು ಕಂಡುಹಿಡಿದ ವಿಲಿಯಂ ಪೇಂಟರ್ ಅವನ ಕಂಪನಿಯ ಯಜಮಾನ. ಒಮ್ಮೆ ಬಳಸಿ ಬಿಸಾಡೋ ಮುಚ್ಚಳದಿಂದ ದುಡ್ಡು ಮಾಡಿದವನು. ಜನ ಬಳಸಿ ಎಸೆದು ಮತ್ತೆ ಕೊಳ್ಳಲು ಬರೋ ಥರದ ಏನಾದರೂ ಕಂಡುಹಿಡಿ ಅಂತ ಆತ ಜಿಲೆಟ್‌ಗೆ ಸಲಹೆ ಕೊಟ್ಟ. ಆ ಮಾತು ಮುಳ್ಳಿನಂತೆ ತಲೆಯಲ್ಲಿ ಕೂತಿತು.

1895ರ ಒಂದು ಬೆಳಿಗ್ಗೆ, ಬಾಸ್ಟನ್ ಪಕ್ಕದ ಬ್ರೂಕ್‌ಲೈನ್‌ನ ಮನೆಯಲ್ಲಿ ಕನ್ನಡಿ ಮುಂದೆ ನಿಂತಾಗ ಅವನ ಕ್ಷೌರದ ಕತ್ತಿ ಮೊಂಡಾಗಿತ್ತು. ಚರ್ಮದ ಪಟ್ಟಿಗೆ ಉಜ್ಜಿದರೂ ಪ್ರಯೋಜನವಿಲ್ಲ, ಸಾಣೆಗೇ ಕೊಡಬೇಕು. ಆ ಹೊತ್ತಲ್ಲಿ ಇಡೀ ರೇಜರ್ ಕಣ್ಣೆದುರು ಬಂತು ಅಂತ ಆತ ಮುಂದೆ ಹೇಳಿಕೊಂಡ. ಸೇಫ್ಟಿ ರೇಜರ್ ಕಂಡುಹಿಡಿದವನು ಅವನಲ್ಲ, ಅದು 1880ರ ಹೊತ್ತಿಗೇ ಅಮೆರಿಕದ ಮಾರುಕಟ್ಟೆಯಲ್ಲಿತ್ತು. ಆದರೆ ಅದರ ಬ್ಲೇಡು ದಪ್ಪ, ಅದಕ್ಕೂ ಸಾಣೆ ಬೇಕಿತ್ತು. ಜಿಲೆಟ್‌ನ ಯೋಚನೆ ಬೇರೆ. ಕಾಗದದಷ್ಟು ತೆಳುವಾದ ಉಕ್ಕಿನ ತಗಡು, ಎರಡೂ ಕಡೆ ಅಂಚು, ಮೊಂಡಾದರೆ ಎಸಿ.

ಯೋಚನೆ ಸುಲಭ, ಮಾಡೋದು ಕಷ್ಟ. ತೆಳುವಾದ ತಗಡನ್ನು ಕಾಯಿಸಿ ಗಟ್ಟಿ ಮಾಡಲು ಹೋದರೆ ಸೊಟ್ಟಗಾಗುತ್ತೆ. ಲೋಹ ಬಲ್ಲವರೆಲ್ಲ ಆಗದ ಕೆಲಸ ಅಂತ ಕೈ ಚೆಲ್ಲಿದರು. ಅದನ್ನು ಬಗೆಹರಿಸಿದವನು ಎಂಐಟಿಯಲ್ಲಿ ಓದಿದ್ದ ವಿಲಿಯಂ ನಿಕರ್ಸನ್. ಬ್ಲೇಡನ್ನು ಗಟ್ಟಿ ಮಾಡುವ, ಹರಿತ ಮಾಡುವ ಯಂತ್ರಗಳು ಅವನವು. 1901ರಲ್ಲಿ ಕಂಪನಿ ಶುರುವಾಯಿತು. ಇಂಗ್ಲಿಷಿನಲ್ಲಿ ನಿಕ್ ಅಂದರೆ ಗೀರು ಗಾಯ. ಹಾಗಾಗಿ ಆ ಹೆಸರನ್ನು ರೇಜರಿಗೆ ಇಡೋಕೆ ಆಗಲಿಲ್ಲ ಅನ್ನೋ ತಮಾಷೆ ಇದೆ. ತಮಾಷೆ ಏನೇ ಇರಲಿ, ಕೆಲಸ ಮಾಡಿಸಿದ ಇಂಜಿನಿಯರ್ ಮರೆಯಾದ, ಕನಸು ಕಂಡ ಸೇಲ್ಸ್‌ಮನ್ ಹೆಸರು ಉಳಿಯಿತು. ಸ್ಟಾರ್ಟಪ್‌ಗಳಲ್ಲಿ ಕೆಲಸ ಮಾಡಿದ ನನ್ನ ಗೆಳೆಯರಿಗೆ ಈ ಕಥೆ ಬಿಡಿಸಿ ಹೇಳಬೇಕಿಲ್ಲ.

1903ರಲ್ಲಿ ಮಾರಾಟವಾದದ್ದು 51 ರೇಜರ್, 168 ಬ್ಲೇಡ್. ಮರುವರ್ಷ ರೇಜರ್ ಮಾರಾಟ 90 ಸಾವಿರ ದಾಟಿತು. 1904ರ ನವೆಂಬರ್ 15ರಂದು ಪೇಟೆಂಟ್ ಸಿಕ್ಕಿತು. ಒಂದೊಂದು ಪೊಟ್ಟಣದ ಮೇಲೂ ಮೀಸೆ ಹೊತ್ತ ಜಿಲೆಟ್‌ನ ಮುಖ. ಅವನ ಭಾಷೆ ಗೊತ್ತಿಲ್ಲದ ದೇಶಗಳ ಜನರೂ ಆ ಮುಖ ಗುರುತಿಸುವಂತಾಯಿತು.

ಇಲ್ಲಿ ಒಂದು ತಪ್ಪು ಕಲ್ಪನೆ ತಿದ್ದಬೇಕು. ಹಿಡಿಯನ್ನು ಅಗ್ಗಕ್ಕೆ ಕೊಟ್ಟು ಬ್ಲೇಡಿನಲ್ಲಿ ದೋಚೋ ಮಾದರಿಯನ್ನು ಜಿಲೆಟ್ ಶುರುಮಾಡಿದ ಅಂತ ಬಿಸಿನೆಸ್ ಪುಸ್ತಕಗಳು ಹೇಳುತ್ತವೆ. ಪ್ರಿಂಟರ್ ಅಗ್ಗ, ಇಂಕು ದುಬಾರಿ ಅನ್ನುವಾಗಲೂ ಅವನ ಹೆಸರೇ ಬರುತ್ತೆ. ನಿಜ ಏನಂದರೆ, ಪೇಟೆಂಟ್ ಕೈಯಲ್ಲಿದ್ದ ಅಷ್ಟೂ ವರ್ಷ ಅವನ ರೇಜರಿನ ಬೆಲೆ 5 ಡಾಲರ್. ಆ ಕಾಲದ ಸಾಮಾನ್ಯ ಕಾರ್ಮಿಕನ ವಾರದ ಸಂಬಳದಲ್ಲಿ ದೊಡ್ಡ ಪಾಲು ಅದು. ಅಮೆರಿಕದ ಪೇಟೆಂಟಿನ ಆಯಸ್ಸು ಆಗ 17 ವರ್ಷ. 1921ರಲ್ಲಿ ಅದು ಮುಗಿಯಿತು. ಯಾರು ಬೇಕಾದರೂ ಅದೇ ಥರದ ರೇಜರ್, ಅದೇ ಥರದ ಬ್ಲೇಡ್ ಮಾಡಬಹುದು ಅಂತಾದಾಗಲೇ ಕಂಪನಿ ಹಳೆ ಮಾದರಿಯನ್ನು 1 ಡಾಲರಿಗೆ ಇಳಿಸಿತು. ಬೆಲೆ ಇಳಿಸಿದ್ದು ಮಾಲೀಕನ ಸಮಾಜವಾದ ಅಲ್ಲ, ಕಾನೂನಿನ ಒಂದು ತಾರೀಖು.

ಈ ತಾರೀಖಿಗೆ ಮತ್ತೆ ಬರ್ತೀನಿ. ಅದಕ್ಕೂ ಮೊದಲು ಯುದ್ಧದ ಮಾತು. 1917ರಲ್ಲಿ ಅಮೆರಿಕ ಮೊದಲನೇ ಮಹಾಯುದ್ಧಕ್ಕೆ ಇಳಿಯಿತು. ವಿಷಾನಿಲದ ಮುಖವಾಡ ಬಿಗಿಯಾಗಿ ಕೂರಬೇಕಾದರೆ ಗಡ್ಡ ಇರಬಾರದು. ಸರ್ಕಾರವೇ ದುಡ್ಡು ಕೊಟ್ಟು ಸೈನಿಕರಿಗೆ ಸುಮಾರು 35 ಲಕ್ಷ ಜಿಲೆಟ್ ರೇಜರ್, 3 ಕೋಟಿಗೂ ಹೆಚ್ಚು ಬ್ಲೇಡ್ ಹಂಚಿತು. ಕ್ಷೌರಿಕನ ಕುರ್ಚಿಯಲ್ಲಿ ಕೂರುತ್ತಿದ್ದ ಒಂದು ಪೀಳಿಗೆ ಯುದ್ಧ ಮುಗಿಸಿ ಬರುವಾಗ ತನ್ನ ಮುಖ ತಾನೇ ಬೋಳಿಸೋದು ಕಲಿತಿತ್ತು.

ಅದೇ ಯುದ್ಧ ನಮ್ಮ ಬಚ್ಚಲಿಗೂ ಬಂತು, ಬೇರೆ ದಾರಿಯಲ್ಲಿ. ಮೈಸೂರು ಸಂಸ್ಥಾನದ ಶ್ರೀಗಂಧದ ಮರ ಹರಾಜಾಗಿ ಯೂರೋಪಿಗೆ, ಮುಖ್ಯವಾಗಿ ಜರ್ಮನಿಗೆ ಹೋಗಿ ಅಲ್ಲಿ ಎಣ್ಣೆಯಾಗುತ್ತಿತ್ತು. ಯುದ್ಧ ಶುರುವಾಗಿ ಹಡಗು ನಿಂತಾಗ ಗಂಧದ ದಿಮ್ಮಿಗಳು ಇಲ್ಲೇ ರಾಶಿ ಬಿದ್ದವು. ಭಾರತೀಯ ವಿಜ್ಞಾನ ಸಂಸ್ಥೆಯ ಸಡ್‌ಬರೊ ಮತ್ತು ವಾಟ್ಸನ್ ಎಣ್ಣೆ ಇಳಿಸುವ ಪ್ರಯೋಗ ಮಾಡಿದರು. 1916ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ್ ಆಳ್ವಿಕೆ ಮತ್ತು ವಿಶ್ವೇಶ್ವರಯ್ಯನವರ ದಿವಾನಗಿರಿಯ ಕಾಲದಲ್ಲಿ, ಸರ್ಕಾರಿ ಗಂಧದೆಣ್ಣೆ ಕಾರ್ಖಾನೆ ಶುರುವಾಯಿತು. ಅದರ ಬೆನ್ನಿಗೇ ಸೋಪು. ಅದನ್ನು ರೂಪಿಸಿದ ಎಸ್. ಜಿ. ಶಾಸ್ತ್ರಿಯವರನ್ನು ಜನ ಸೋಪ್ ಶಾಸ್ತ್ರಿ ಅಂತಲೇ ಕರೆದರು. ಇವತ್ತಿಗೂ ಅದನ್ನು ಮಾಡೋ ಕೆಎಸ್‌ಡಿಎಲ್ ಕರ್ನಾಟಕ ಸರ್ಕಾರದ್ದು, ಅಂದರೆ ಲೆಕ್ಕದಲ್ಲಿ ನಮ್ಮದು. ಜನರೇ ಮಾಲೀಕರಾದ ಕಂಪನಿ ಬೇಕು ಅಂತ ಜಿಲೆಟ್ ಪುಸ್ತಕ ಬರೆಯುತ್ತಿದ್ದ ಕಾಲದಲ್ಲೇ ಇಲ್ಲೊಂದು ಸರ್ಕಾರಿ ಇಲಾಖೆ, ಯಾವ ಮಹಾ ಸಿದ್ಧಾಂತವೂ ಇಲ್ಲದೆ, ಒಂದು ಸೋಪಿನ ಮಟ್ಟಿಗೆ ಅದಕ್ಕೆ ಹತ್ತಿರದ್ದನ್ನು ಮಾಡಿತ್ತು.

ಆದರೆ ಸರ್ಕಾರದ್ದಾದರೆ ಎಲ್ಲ ಸರಿ ಅಂತ ಕುಣಿಯೋ ಹಾಗೂ ಇಲ್ಲ. ಗಂಧದ ಮರದ ಕಥೆಯೇ ಇದಕ್ಕೆ ಸಾಕ್ಷಿ. ಟಿಪ್ಪು ಕಾಲದಿಂದಲೂ ಅದು ರಾಜವೃಕ್ಷ. ರೈತನ ಹೊಲದಲ್ಲಿ ಬೆಳೆದರೂ ಮರ ಸರ್ಕಾರದ್ದು, ಕಾಯೋ ಕಷ್ಟ ಮಾತ್ರ ರೈತನದು. ಅಂಥ ಮರವನ್ನು ಯಾರು ತಾನೇ ಬೆಳೆಸುತ್ತಾರೆ? ಕಾಡಿನ ಮರ ಕಳ್ಳಸಾಗಣೆಗೆ ಹೋಯಿತು, ಹೊಲದಲ್ಲಿ ಸಸಿ ಏಳಲೇ ಇಲ್ಲ. 2001ರಲ್ಲಿ ಅರಣ್ಯ ಕಾಯ್ದೆಗೆ ತಿದ್ದುಪಡಿ ತಂದು ಜಮೀನಿನ ಒಡೆಯನಿಗೇ ಮರದ ಒಡೆತನ ಕೊಟ್ಟ ಮೇಲೆ ರೈತರು ಮತ್ತೆ ಗಂಧದ ಕಡೆ ನೋಡತೊಡಗಿದರು. ಎಲ್ಲವೂ ಒಬ್ಬರದೇ ಆಗಲಿ ಅನ್ನೋ ಜಿಲೆಟ್‌ನ ಸೂತ್ರ ಇಲ್ಲಿ ಮರವನ್ನೇ ತಿಂದಿತ್ತು.

ಮತ್ತೆ ಅಮೆರಿಕಕ್ಕೆ. ಜಿಲೆಟ್ ಶ್ರೀಮಂತನಾದ, ಆದರೆ ಕಂಪನಿ ಅವನ ಕೈಯಲ್ಲಿ ಉಳಿಯಲಿಲ್ಲ. ದುಡ್ಡು ಹಾಕಿದ್ದ ಜಾನ್ ಜಾಯ್ಸ್ ಜೊತೆ ಆಡಳಿತಕ್ಕಾಗಿ ಜಗಳ. 1910ರ ಹೊತ್ತಿಗೆ ತನ್ನ ಷೇರಿನ ದೊಡ್ಡ ಪಾಲು ಅವನಿಗೇ ಮಾರಿದ. ಅಧ್ಯಕ್ಷನ ಪಟ್ಟ ಉಳಿಯಿತು, ಅಧಿಕಾರ ಹೋಯಿತು. ಪೊಟ್ಟಣದ ಮೇಲೆ ಮುಖ ಮಾತ್ರ.

ಸಿಕ್ಕ ದುಡ್ಡು, ಸಿಕ್ಕ ಸಮಯ ಎರಡನ್ನೂ ಆತ ಹಳೆ ಕನಸಿಗೆ ಸುರಿದ. ಅದೇ 1910ರಲ್ಲಿ ಅರಿಜೋನಾದಲ್ಲಿ ವರ್ಲ್ಡ್ ಕಾರ್ಪೊರೇಶನ್ ಹುಟ್ಟುಹಾಕಲು ಹೊರಟು, ನಾಲ್ಕು ವರ್ಷ ಅದರ ಅಧ್ಯಕ್ಷನಾಗಲು ಅಮೆರಿಕದ ಮಾಜಿ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್‌ಗೆ 10 ಲಕ್ಷ ಡಾಲರ್ ಕೊಡ್ತೀನಿ ಅಂದ. ರೂಸ್‌ವೆಲ್ಟ್ ಒಪ್ಪಲಿಲ್ಲ. 1924ರಲ್ಲಿ ದಿ ಪೀಪಲ್ಸ್ ಕಾರ್ಪೊರೇಶನ್ ಎಂಬ ಕೊನೆಯ ಪುಸ್ತಕ ಬಂತು. ಅದನ್ನು ತಿದ್ದಿ ತೀಡಲು ನೆರವಾದವನು ಅಪ್ಟನ್ ಸಿಂಕ್ಲೇರ್, ಶಿಕಾಗೋದ ಮಾಂಸದ ಕಾರ್ಖಾನೆಗಳ ಕಾರ್ಮಿಕರ ಬದುಕನ್ನು ಕಾದಂಬರಿ ಮಾಡಿದ ಸಮಾಜವಾದಿ ಲೇಖಕ.

ಇಲ್ಲೇ ಅವನ ಬದುಕಿನ ನಿಜವಾದ ಸೋಲು ಕಾಣೋದು ಅಂತ ನನಗನ್ನಿಸುತ್ತೆ. ಆ ವರ್ಷಗಳಲ್ಲಿ ಅಮೆರಿಕದ ಕಾರ್ಮಿಕರು ಎಂಟು ಗಂಟೆ ಕೆಲಸಕ್ಕಾಗಿ, ಸಂಘ ಕಟ್ಟೋ ಹಕ್ಕಿಗಾಗಿ ಬೀದಿಗಿಳಿದಿದ್ದರು. ಹೆಂಗಸರು ಮತದಾನದ ಹಕ್ಕಿಗಾಗಿ ಜೈಲು ಸೇರುತ್ತಿದ್ದರು. ಜಗತ್ತನ್ನೇ ಬದಲಿಸಬೇಕು ಅಂತಿದ್ದ ಜಿಲೆಟ್ ಒಬ್ಬ ಪ್ರಸಿದ್ಧ ಅಧ್ಯಕ್ಷನನ್ನು ಸಂಬಳಕ್ಕೆ ಹುಡುಕುತ್ತಿದ್ದ. ಬದಲಾವಣೆ ಮೇಲಿನಿಂದ, ಒಂದು ನೇಮಕಾತಿಯಿಂದ ಬರುತ್ತೆ ಅನ್ನೋ ನಂಬಿಕೆ ಅದು. ಇಂದು ದೇಶಕ್ಕೊಬ್ಬ ಸಿಇಓ ಬೇಕು ಅನ್ನೋರನ್ನು ನೀವು ಕೇಳಿಲ್ಲವೇ?

ಯಂತ್ರ ಮಾಡಬಲ್ಲದ್ದು, ಮಾಡಲಾರದ್ದು ಎರಡೂ ನಮ್ಮ ಊರುಗಳಲ್ಲೇ ಕಾಣುತ್ತೆ. ಕ್ಷೌರ ನಮ್ಮಲ್ಲಿ ಬರೀ ಗಡ್ಡದ ವಿಷಯವಲ್ಲ, ಯಾರು ಯಾರನ್ನು ಮುಟ್ಟಬಹುದು ಅನ್ನೋ ಜಾತಿ ಲೆಕ್ಕ. ದಲಿತರಿಗೆ ಕ್ಷೌರ ನಿರಾಕರಿಸಿದ ಸುದ್ದಿ ಕರ್ನಾಟಕದ ಹಳ್ಳಿಗಳಿಂದ ಈಗಲೂ ಬರುತ್ತಲೇ ಇದೆ. ಸೇಫ್ಟಿ ರೇಜರ್ ಇದ್ದರೆ ಒಬ್ಬ ಮನುಷ್ಯ ಯಾರ ಹಂಗೂ ಇಲ್ಲದೆ ತನ್ನ ಗಡ್ಡ ತಾನು ತೆಗೆಯಬಹುದು. ಅದು ಸಣ್ಣ ಸ್ವಾತಂತ್ರ್ಯವಲ್ಲ. ಆದರೆ ಮುಚ್ಚಿದ ಸಲೂನಿನ ಬಾಗಿಲು ರೇಜರಿನಿಂದ ತೆರೆಯಲ್ಲ. ಅದಕ್ಕೆ ಕಾನೂನು ಬೇಕು, ಆ ಕಾನೂನನ್ನು ಠಾಣೆಯವರೆಗೆ ಒಯ್ಯೋ ಜನ ಬೇಕು.

ಜಿಲೆಟ್‌ನ ಕೊನೆ ಬೇಗ ಬಂತು. 1929ರಲ್ಲಿ ಷೇರುಪೇಟೆ ಕುಸಿಯಿತು. 1930ರಲ್ಲಿ ಪೇಟೆಂಟ್ ಜಗಳವೊಂದು ಕಂಪನಿಯನ್ನು ಎದುರಾಳಿ ಹೆನ್ರಿ ಗೈಸ್‌ಮನ್‌ನ ಆಟೋಸ್ಟ್ರಾಪ್ ಜೊತೆ ವಿಲೀನಕ್ಕೆ ತಳ್ಳಿತು. ಲೆಕ್ಕ ಬಿಚ್ಚಿ ನೋಡಿದಾಗ ಕಂಪನಿ ವರ್ಷಗಳಿಂದ ಲಾಭವನ್ನು ಉಬ್ಬಿಸಿ ತೋರಿಸಿದ್ದು ಬಯಲಾಯಿತು. ನಮ್ಮಲ್ಲಿ ಜನರ ಠೇವಣಿ ನುಂಗೋ ಸಂಸ್ಥೆಗಳಿಗೆ ಬ್ಲೇಡ್ ಕಂಪನಿ ಅಂತೀವಲ್ಲ, ನಿಜವಾದ ಬ್ಲೇಡ್ ಕಂಪನಿಯೂ ಲೆಕ್ಕದಲ್ಲಿ ಬ್ಲೇಡ್ ಹಾಕಿತ್ತು. 1931ರಲ್ಲಿ ಜಿಲೆಟ್ ಅಧ್ಯಕ್ಷ ಸ್ಥಾನ ಬಿಟ್ಟ. ಕ್ಯಾಲಿಫೋರ್ನಿಯಾದ ಜಮೀನು ವ್ಯವಹಾರಗಳಲ್ಲಿ ಹಾಕಿದ ಹಣವೂ ಮುಳುಗಿತ್ತು. 1932ರ ಜುಲೈ 9ರಂದು ಸತ್ತಾಗ ಕೈಯಲ್ಲಿ ಹೆಚ್ಚೇನೂ ಉಳಿದಿರಲಿಲ್ಲ.

ಅವನ ಬ್ಲೇಡುಗಳು ಎಲ್ಲಿ ಹೋದವು ಗೊತ್ತಾ? ಹಳೆಯ ಅಮೆರಿಕನ್ ಮನೆಗಳ ಬಚ್ಚಲಲ್ಲಿ, ಕನ್ನಡಿ ಕಪಾಟಿನ ಹಿಂದೆ ಒಂದು ಸೀಳು ಇರುತ್ತಿತ್ತು. ಬಳಸಿದ ಬ್ಲೇಡು ಅದರೊಳಗೆ ಹಾಕಿದರೆ ಗೋಡೆಯ ಟೊಳ್ಳಿನಲ್ಲಿ ಬೀಳುತ್ತೆ, ಅಷ್ಟೇ. ಇಂದಿಗೂ ಗೋಡೆ ಒಡೆದರೆ ತುಕ್ಕು ಹಿಡಿದ ಬ್ಲೇಡಿನ ರಾಶಿ ಸಿಗುತ್ತೆ. ಎಸೆದದ್ದು ಕಾಣದಿದ್ದರೆ ಇಲ್ಲ ಅಂತಲೇ ಲೆಕ್ಕ. ದಂಡ ಖರ್ಚಿನ ವಿರುದ್ಧ ಇಡೀ ಪುಸ್ತಕ ಬರೆದವನು ಜಗತ್ತಿಗೆ ಬಿಟ್ಟುಹೋದದ್ದು ಬಿಸಾಡೋ ಅಭ್ಯಾಸ.

1971ರಲ್ಲಿ ಕಂಪನಿ ಎರಡು ಬ್ಲೇಡಿನ ಕಾರ್ಟ್ರಿಜ್ ತಂದಿತು. ಆಮೇಲೆ ಮೂರು, ಐದು. ಪ್ರತಿ ಬಾರಿಯೂ ಹೊಸ ಪೇಟೆಂಟು, ಹೊಸ ಬೀಗ. ಹಳೆ ಎರಡಂಚಿನ ಬ್ಲೇಡಿನಲ್ಲಿ ಕಾಪಾಡೋಕೆ ಏನೂ ಉಳಿದಿರಲಿಲ್ಲ, ಅದು ಎಲ್ಲರದ್ದಾಗಿತ್ತು. ಹಾಗಾಗಿಯೇ ನನ್ನ ರೇಜರಿಗೆ ಯಾವ ದೇಶದ ಬ್ಲೇಡಾದರೂ ಕೂರುತ್ತೆ. 2005ರಲ್ಲಿ ಪ್ರಾಕ್ಟರ್ ಅಂಡ್ ಗ್ಯಾಂಬಲ್ ಸುಮಾರು 5,700 ಕೋಟಿ ಡಾಲರಿಗೆ ಜಿಲೆಟ್ ಕಂಪನಿಯನ್ನೇ ಕೊಂಡಿತು. ಅದೇ ವರ್ಷ ಕ್ಯಾಲಿಫೋರ್ನಿಯಾದ ಕ್ಯಾಲಬಾಸಸ್‌ನಲ್ಲಿ ಜಿಲೆಟ್ ಕಟ್ಟಿಸಿದ್ದ ತೋಟದ ಮನೆಯನ್ನು ಸರ್ಕಾರಿ ಸಂಸ್ಥೆಗಳು ಸೇರಿ ಖರೀದಿಸಿದವು. ಈಗ ಅದು ಸಾರ್ವಜನಿಕ ಉದ್ಯಾನ. ಯಾರು ಬೇಕಾದರೂ ಹೋಗಿ ಮರದ ಕೆಳಗೆ ಕೂರಬಹುದು.

ಅಂದರೆ ಅವನ ಕನಸಿನ ಎರಡು ಚೂರು ನಿಜವಾಗಿವೆ. ಅವನ ಬ್ಲೇಡು ಎಲ್ಲರದ್ದಾಯಿತು, ಅವನ ಮನೆ ಎಲ್ಲರದ್ದಾಯಿತು. ಎರಡೂ ಅವನ ನಕ್ಷೆಯಿಂದ ಆದದ್ದಲ್ಲ. ಒಂದನ್ನು ಮಾಡಿದ್ದು ಒಡೆತನಕ್ಕೆ 17 ವರ್ಷದ ಮಿತಿ ಹಾಕಿದ ಒಂದು ನೀರಸ ಕಾನೂನು, ಇನ್ನೊಂದನ್ನು ಸಾರ್ವಜನಿಕ ಹಣವನ್ನು ಉದ್ಯಾನಕ್ಕೆ ಖರ್ಚು ಮಾಡೋ ನಿರ್ಧಾರ. ನಮ್ಮ ಗಂಧದ ಮರಕ್ಕೂ ದಾರಿ ತೆರೆದದ್ದು ಒಂದು ತಿದ್ದುಪಡಿ. ಎಷ್ಟು ಕಾಲ, ಯಾರಿಗೆ, ಯಾವ ಷರತ್ತಿನ ಮೇಲೆ ಅನ್ನೋ ಪ್ರಶ್ನೆಗಳು ಪೋಸ್ಟರಿಗೆ ಬರಲ್ಲ, ಘೋಷಣೆಗೂ ಸಿಗಲ್ಲ. ಔಷಧದ ಪೇಟೆಂಟು ಎಷ್ಟು ವರ್ಷ, ನಮ್ಮ ಡೇಟಾ ಯಾರದ್ದು, ಸರ್ಕಾರಿ ಕಂಪನಿ ಮಾರಬೇಕೋ ಬೇಡವೋ ಅನ್ನೋ ಇವತ್ತಿನ ಜಗಳಗಳೂ ಇವೇ ಪ್ರಶ್ನೆಗಳು. ಹೊಸ ಜಗತ್ತಿನ ನಕ್ಷೆ ಬರೆಯೋ ಹುಮ್ಮಸ್ಸು ನಮ್ಮಲ್ಲಿ ಎಷ್ಟಿದೆಯೋ, ಮಸೂದೆಯ ಮೂರನೇ ಕಲಮು ಓದೋ ತಾಳ್ಮೆಯೂ ಅಷ್ಟೇ ಬೇಕು.

ಇನ್ನು, ಇಷ್ಟು ಓದಿ ನಿಮಗೂ ಹಳೆ ರೇಜರ್ ಕೊಳ್ಳೋ ಮನಸ್ಸಾದರೆ ನಾಲ್ಕು ಮಾತು. ರೇಜರ್ ಭಾರವಾಗಿರಲಿ, ಒತ್ತಬೇಡಿ, ಅದರ ತೂಕವೇ ಕೆಲಸ ಮಾಡುತ್ತೆ. ಬ್ಲೇಡು ಒಬ್ಬೊಬ್ಬರ ಚರ್ಮಕ್ಕೆ ಒಂದೊಂದು, ಮೂರು ನಾಲ್ಕು ಕಂಪನಿಯದ್ದು ಚಿಕ್ಕ ಪೊಟ್ಟಣ ತಂದು ನೋಡಿ. ಗಡ್ಡಕ್ಕೆ ಶೇವಿಂಗ್ ಸೋಪೇ ಇರಲಿ, ಅದರ ನೊರೆ ಬೇಗ ಒಣಗಲ್ಲ, ಸ್ನಾನದ ಸೋಪಿನದ್ದು ಒಣಗುತ್ತೆ. ಗಂಧ ಅಂತ ಬರೆದ ಡಬ್ಬಿ ಕಂಡರೆ ಹಿಂದಿನ ಸಣ್ಣ ಅಕ್ಷರ ಓದಿ, ಒಳಗಿರೋದು ಗಂಧದೆಣ್ಣೆಯೋ ಬರೀ ಗಂಧದ ಪರಿಮಳವೋ ಅಂತ. ಬಳಸಿದ ಬ್ಲೇಡನ್ನು ಕಸದ ಚೀಲಕ್ಕೆ ಹಾಗೇ ಎಸೆಯಬೇಡಿ, ನಾಳೆ ಬೆಳಿಗ್ಗೆ ಅದರೊಳಗೆ ಕೈ ಹಾಕೋರು ಪೌರಕಾರ್ಮಿಕರು. ನಾನು ಒಂದು ಹಳೇ ತಗಡಿನ ಡಬ್ಬಿಗೆ ಸೀಳು ಮಾಡಿ ಇಟ್ಟಿದ್ದೀನಿ. ತುಂಬೋಕೆ ಇನ್ನೂ ಎರಡು ವರ್ಷ ಬೇಕಾಗಬಹುದು.